ಬೇರೆ ದೇಶದ ಪೊಲೀಸ್, ಕೋರ್ಟು, ಜೈಲಿಗೆ ನೆರವು: ಅದರ ಉಸ್ತುವಾರಿ ನಡೆಯುವುದು ಹೇಗೆ?

2024ರಲ್ಲಿ ಕೊಡಗು ಪೊಲೀಸರು ಮೂರು ಕಿಲೋಗೂ ಹೆಚ್ಚು ಹೈಡ್ರೋ ಗಾಂಜಾ (ಮಣ್ಣಿಲ್ಲದೆ, ಪೋಷಕಾಂಶದ ನೀರಿನಲ್ಲಿ ಬೆಳೆಸುವ ಗಾಂಜಾ) ಹಿಡಿದರು. ಸುದ್ದಿಯಲ್ಲಿ ಎದ್ದು ಕಂಡದ್ದು ಅದರ ತೂಕಕ್ಕಿಂತ ಅದು ಬಂದ ಊರು: ಥಾಯ್ಲೆಂಡ್. ರೈಲೂ ಇಲ್ಲದ, ವಿಮಾನ ನಿಲ್ದಾಣವೂ ಇಲ್ಲದ ಜಿಲ್ಲೆ ನಮ್ಮದು. ಆದರೆ ಮಾಕುಟ್ಟ ಘಾಟಿ ಇಳಿದರೆ 2018ರಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ಸಿಗುತ್ತದೆ, ಮೈಸೂರು ದಾರಿ ಹಿಡಿದರೆ ಬೆಂಗಳೂರು. ಮಾಲು ಬರಲು ಇಷ್ಟು ಸಾಕು.

ಮರುವರ್ಷ ಇನ್ನೊಂದು ಸುದ್ದಿ. ಮ್ಯಾನ್ಮಾರ್ ಗಡಿಯ ಮ್ಯಾವಡಿ ಸುತ್ತಮುತ್ತ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಸಿಕ್ಕಿಬಿದ್ದಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಥಾಯ್ಲೆಂಡ್‌ನ ಮೇ ಸೋಟ್‌ನಿಂದ ಎರಡು ದಿನದಲ್ಲಿ ಕರೆತಂದವು. ಕೆಲಸ ಕೊಡಿಸುತ್ತೇವೆಂದು ಕರೆದೊಯ್ದು, ಫೋನಿನ ಮುಂದೆ ಕೂರಿಸಿ, ನಮ್ಮವರಿಂದಲೇ ನಮ್ಮವರ ದುಡ್ಡು ದೋಚಿಸುವ ದಂಧೆ ಅದು.

ಎರಡೂ ಸುದ್ದಿ ಓದಿದವರಿಗೆ ಒಂದೇ ಪ್ರಶ್ನೆ ಏಳುತ್ತದೆ. ಇಲ್ಲಿ ಸಾಗಿಸುವವನನ್ನು ಹಿಡಿದರು, ಸರಿ. ಅಲ್ಲಿ ಕೂತು ಕಳಿಸಿದವನನ್ನು ಯಾರು ಹಿಡಿಯಬೇಕು? ನಮ್ಮ ಎಸ್‌ಪಿ ಬ್ಯಾಂಕಾಕಿಗೆ ಹೋಗಿ ಮನೆ ಶೋಧಿಸಲು ಬರುವುದಿಲ್ಲ. ಅಲ್ಲಿನ ಪೊಲೀಸರೇ ಹಿಡಿಯಬೇಕು, ಅಲ್ಲಿನ ಲ್ಯಾಬೇ ಪರೀಕ್ಷಿಸಬೇಕು, ಅಲ್ಲಿನ ಕೋರ್ಟೇ ಆದೇಶ ಕೊಡಬೇಕು. ಅವರಿಗೆ ಅದು ಸಾಧ್ಯವಾಗದಿದ್ದರೆ? ಆಗ ಒಂದು ದೇಶ ಇನ್ನೊಂದು ದೇಶದ ಪೊಲೀಸ್, ಪ್ರಾಸಿಕ್ಯೂಷನ್, ನ್ಯಾಯಾಲಯ, ಜೈಲುಗಳಿಗೆ ತರಬೇತಿ, ಉಪಕರಣ, ಹಣ ಕೊಟ್ಟು ಕೈಜೋಡಿಸುತ್ತದೆ. ಇದಕ್ಕೆ ಕ್ರಿಮಿನಲ್ ನ್ಯಾಯ ನೆರವು ಎನ್ನುತ್ತಾರೆ. ಆ ನೆರವು ಸರಿಯಾದ ಕೈಗೆ ಸೇರಿತೇ, ಸರಿಯಾಗಿ ಬಳಕೆಯಾಯಿತೇ ಎಂದು ನೋಡಿಕೊಳ್ಳುವವರು ವಿದೇಶಾಂಗ ಇಲಾಖೆಯ ಅಧಿಕಾರಿಗಳು. ಹೊರಗಿನವರ ಕಣ್ಣಿಗೆ ಬೀಳದ ಈ ಕೆಲಸವನ್ನು ಬುಡದಿಂದ ಬಿಡಿಸಿ ನೋಡೋಣ.

ನೆರವು ಎರಡು ಬಗೆ

ಮೊದಲನೆಯದು ಒಂದು ಪ್ರಕರಣಕ್ಕೆ ಸಿಗುವ ನೆರವು. 'ಈ ಬ್ಯಾಂಕ್ ಖಾತೆಯ ವಿವರ ಕೊಡಿ, ಈ ವ್ಯಕ್ತಿಯ ಹೇಳಿಕೆ ಪಡೆದು ಕಳಿಸಿ' ಎಂದು ಒಂದು ದೇಶ ಕೇಳುತ್ತದೆ, ಇನ್ನೊಂದು ಕೊಡುತ್ತದೆ. ಕಾನೂನಿನ ಭಾಷೆಯಲ್ಲಿ ಇದು ಪರಸ್ಪರ ಕಾನೂನು ನೆರವು. ಆರೋಪಿಯನ್ನೇ ಒಪ್ಪಿಸಿ ಎಂದು ಕೇಳಿದರೆ ಅದು ಗಡೀಪಾರು ಕೋರಿಕೆ. ಅದಕ್ಕೆ ನಮ್ಮಲ್ಲಿ 1962ರ ಕಾಯ್ದೆ ಬೇರೆಯೇ ಇದೆ.

ಎರಡನೆಯದು ವ್ಯವಸ್ಥೆಗೆ ಕೊಡುವ ನೆರವು. ಯಾವುದೋ ಒಂದು ಕೇಸಿಗೆ ಅಂತಲ್ಲ, ಮುಂದೆ ಬರುವ ಸಾವಿರ ಕೇಸುಗಳಿಗೆ ಆ ದೇಶ ಸಜ್ಜಾಗಿರಲಿ ಎಂದು. ತನಿಖಾಧಿಕಾರಿಗಳಿಗೆ ಪಾಠ, ಮಾದಕ ವಸ್ತು ಪರೀಕ್ಷೆಯ ಲ್ಯಾಬು, ಗಡಿ ಠಾಣೆಗೆ ಜೀಪು, ನ್ಯಾಯಾಧೀಶರಿಗೆ ಶಿಬಿರ, ಜೈಲಿನ ದಾಖಲೆ ಕಂಪ್ಯೂಟರಿಗೆ ಏರಿಸುವುದು, ಎಲ್ಲವೂ ಇದರಲ್ಲಿ ಬರುತ್ತವೆ. ಈ ಲೇಖನದ ಮುಖ್ಯ ವಿಷಯ ಇದೇ. ಆದರೆ ಮೊದಲನೆಯದರ ದಾರಿ ಎಷ್ಟು ಉದ್ದ ಎಂದು ತಿಳಿಯದೆ ಎರಡನೆಯದರ ಅಗತ್ಯ ಅರ್ಥವಾಗುವುದಿಲ್ಲ.

ಮಡಿಕೇರಿಯಿಂದ ಬ್ಯಾಂಕಾಕಿಗೆ ಒಂದು ಪತ್ರ

ಮಡಿಕೇರಿಯ ತನಿಖಾಧಿಕಾರಿಯೊಬ್ಬರಿಗೆ ಥಾಯ್ಲೆಂಡ್‌ನಲ್ಲಿರುವ ಸಾಕ್ಷ್ಯ ಬೇಕು ಎಂದುಕೊಳ್ಳಿ. ಅಲ್ಲಿನ ಠಾಣೆಗೆ ಫೋನ್ ಮಾಡಿ ತರಿಸಿದ ಮಾಹಿತಿಯಿಂದ ಜಾಡು ಸಿಗಬಹುದು, ಕೋರ್ಟಿನಲ್ಲಿ ಅದು ನಿಲ್ಲುವುದಿಲ್ಲ. ಇಂಟರ್‌ಪೋಲ್ ಕೂಡ ಹಾಗೆಯೇ. ನಮ್ಮಲ್ಲಿ ಅದರ ಕೊಂಡಿ ಸಿಬಿಐ. 2025ರ ಜನವರಿಯಲ್ಲಿ ಶುರುವಾದ ಭಾರತ್‌ಪೋಲ್ ಪೋರ್ಟಲ್ ಮೂಲಕ ರಾಜ್ಯದ ಪೊಲೀಸರ ಕೋರಿಕೆಗಳು ಮೊದಲಿಗಿಂತ ಬೇಗ ಸಿಬಿಐಗೆ ತಲುಪುತ್ತವೆ. ಆದರೆ ಅಲ್ಲಿಂದ ಬರುವುದು ಸುಳಿವು. ಸಾಕ್ಷ್ಯ ಬೇಕೆಂದರೆ ಅಧಿಕೃತ ಕೋರಿಕೆ ಪತ್ರವೇ ಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೇ ಕಲಂ ಇದಕ್ಕೆ ದಾರಿ ಮಾಡಿಕೊಡುತ್ತದೆ. ತನಿಖಾಧಿಕಾರಿ ಅರ್ಜಿ ಹಾಕಿದರೆ ಕ್ರಿಮಿನಲ್ ನ್ಯಾಯಾಲಯವು ಹೊರದೇಶದ ನ್ಯಾಯಾಲಯಕ್ಕೋ ಅಧಿಕಾರಿಗೋ ಕೋರಿಕೆ ಪತ್ರ ಬರೆಯಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 166-ಎ ಆಗಿತ್ತು. ಪತ್ರ ಸೀದಾ ಬ್ಯಾಂಕಾಕಿಗೆ ಹೋಗುವುದಿಲ್ಲ. ರಾಜ್ಯದಿಂದ ದೆಹಲಿಯ ಗೃಹ ಸಚಿವಾಲಯಕ್ಕೆ ಹೋಗಬೇಕು. ಇಂಥ ಕೋರಿಕೆಗಳಿಗೆಲ್ಲ ದೇಶದ ಪರವಾಗಿ ನಿಲ್ಲುವ ಕೇಂದ್ರ ಪ್ರಾಧಿಕಾರ ಅದೇ. ಅಲ್ಲಿಂದ ಥಾಯ್ಲೆಂಡ್‌ನ ಅಟಾರ್ನಿ ಜನರಲ್ ಕಚೇರಿಗೆ, ಅಲ್ಲಿಂದ ಅವರ ಪೊಲೀಸರಿಗೆ. ಉತ್ತರ ಬರುವುದೂ ಅದೇ ದಾರಿಯಲ್ಲಿ, ಒಂದೊಂದೇ ಮೆಟ್ಟಿಲು.

ಪತ್ರದಲ್ಲಿ ಘಟನೆಯ ಸಾರಾಂಶ, ಕಲಂಗಳು, ಯಾರಿಂದ ಯಾವ ದಾಖಲೆ ಬೇಕು ಎಂಬುದೆಲ್ಲ ಖಚಿತವಾಗಿರಬೇಕು. ಆ ದೇಶ ಒಪ್ಪುವ ಭಾಷೆಗೆ ಅನುವಾದವಾಗಿರಬೇಕು. 'ಆರೋಪಿಗೆ ಸಂಬಂಧಿಸಿದ ಎಲ್ಲ ಮಾಹಿತಿ ಒದಗಿಸಿ' ಎಂದು ಒಟ್ಟಾರೆ ಬರೆದರೆ ಪತ್ರ ವಾಪಸ್ಸಾಗುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ತೊಡಕಿದೆ. ಬಹಳಷ್ಟು ಒಪ್ಪಂದಗಳಲ್ಲಿ ಆ ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು ಎಂಬ ಮಾತಿರುತ್ತದೆ. ನಮ್ಮಲ್ಲಿ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾವನ್ನು ಕಟ್ಟುನಿಟ್ಟಾಗಿ ನಿಷೇಧಿಸುತ್ತದೆ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದಲೇ ತೆಗೆಯಿತು. ಏಷ್ಯಾದಲ್ಲಿ ಹಾಗೆ ಮಾಡಿದ ಮೊದಲ ದೇಶ ಅದು. ಅಂಗಡಿಗಳು ಬೀದಿಗೊಂದರಂತೆ ತೆರೆದವು. 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಮತ್ತೆ ಬಿಗಿ ಮಾಡಿತು. ಹೀಗಾಗಿ ಬೆಳೆದದ್ದನ್ನು, ಮಾರಿದ್ದನ್ನು ಹಿಡಿದು ಕೇಳಿದರೆ 'ನಮ್ಮಲ್ಲಿ ಆಗ ಅದು ತಪ್ಪಲ್ಲ' ಎನ್ನಬಹುದು. ಪರವಾನಗಿ ಇಲ್ಲದೆ ಹೊರದೇಶಕ್ಕೆ ಸಾಗಿಸುವುದು ಅಲ್ಲೂ ತಪ್ಪೇ, ಆದ್ದರಿಂದ ಪತ್ರ ಆ ಎಳೆಯನ್ನೇ ಹಿಡಿಯಬೇಕು. ಇಂಥ ಸೂಕ್ಷ್ಮ ಬಲ್ಲ ಪ್ರಾಸಿಕ್ಯೂಟರ್ ಎರಡೂ ಕಡೆ ಇರಬೇಕಾಗುತ್ತದೆ. ತರಬೇತಿಯ ಮಾತು ಬರುವುದು ಇಲ್ಲೇ.

ಥಾಯ್ಲೆಂಡ್‌ನಲ್ಲಿ ಸರ್ಕಾರ ಗಟ್ಟಿ ಇದೆ, ನಮ್ಮೊಡನೆ ಕಾನೂನು ನೆರವಿನ ಒಪ್ಪಂದವೂ ಗಡೀಪಾರು ಒಪ್ಪಂದವೂ ಇವೆ. ಗಡಿ ದಾಟಿ ಮ್ಯಾವಡಿಗೆ ಹೋದರೆ ಚಿತ್ರವೇ ಬೇರೆ. ಅಲ್ಲಿ ಸುತ್ತಮುತ್ತ ಬಹಳಷ್ಟು ಕಡೆ ಹಿಡಿತ ಸಶಸ್ತ್ರ ಗುಂಪುಗಳದ್ದು. ಪತ್ರ ಬರೆದರೂ ಅದನ್ನು ತೆಗೆದುಕೊಂಡು ಜಾರಿ ಮಾಡುವ ನ್ಯಾಯಾಧೀಶ ಅಲ್ಲಿಲ್ಲ. ಅಪರಾಧದ ಜಾಲಗಳು ಅಂಥ ಜಾಗವನ್ನೇ ಹುಡುಕಿ ಬೇರೂರುತ್ತವೆ.

ನೆರವು ಕೊಡಲೇಬೇಕೇ?

ಇದು ದಾನಧರ್ಮದ ವಿಷಯವಲ್ಲ, ಒಪ್ಪಂದಗಳಲ್ಲೇ ಬರೆದಿರುವ ಹೊಣೆ. ಮಾದಕ ವಸ್ತು ಸಾಗಣೆ ತಡೆಗೆ 1988ರಲ್ಲಿ ವಿಯೆನ್ನಾದಲ್ಲಿ ಆದ ವಿಶ್ವಸಂಸ್ಥೆಯ ಒಪ್ಪಂದ, ಮಾಲು ಹಾದುಹೋಗುವ ದೇಶಗಳಿಗೆ ಮಿಕ್ಕವರು ನೆರವಾಗಬೇಕು ಎನ್ನುತ್ತದೆ. 2000ದಲ್ಲಿ ಅಂಗೀಕಾರವಾದ, ಸಂಘಟಿತ ಅಪರಾಧದ ವಿರುದ್ಧದ ಪಲೆರ್ಮೊ ಒಪ್ಪಂದದಲ್ಲಿ ತರಬೇತಿ ಮತ್ತು ತಾಂತ್ರಿಕ ನೆರವಿಗೆ ಪ್ರತ್ಯೇಕ ವಿಧಿಗಳೇ ಇವೆ. ಅದನ್ನು ಭಾರತ 2011ರಲ್ಲಿ ಅನುಮೋದಿಸಿತು.

ಇದರ ಹಿಂದಿನ ತರ್ಕ ಸರಳ. ಹತ್ತು ದೇಶ ದಾಟಿ ಬರುವ ಮಾಲನ್ನು ಒಂಬತ್ತು ದೇಶಗಳು ಎಷ್ಟೇ ಬಿಗಿಯಾಗಿ ಕಾದರೂ, ಹತ್ತನೆಯದು ಸಡಿಲವಿದ್ದರೆ ದಾರಿ ಅಲ್ಲಿಗೆ ತಿರುಗುತ್ತದೆ.

ಯಾರು ಯಾರಿಗೆ ಕೊಡುತ್ತಾರೆ?

ದೊಡ್ಡ ಮಟ್ಟದಲ್ಲಿ ಇದನ್ನು ನಡೆಸಿಕೊಂಡು ಬಂದ ದೇಶ ಅಮೆರಿಕ. ಅದರ ವಿದೇಶಾಂಗ ಇಲಾಖೆಯಲ್ಲಿ ಮಾದಕ ವಸ್ತು ಮತ್ತು ಕಾನೂನು ಪಾಲನೆಗೆಂದೇ ಒಂದು ವಿಭಾಗವಿದೆ. 1978ರಲ್ಲಿ ಮಾದಕ ವಸ್ತುಗಳಿಗೆ ಸೀಮಿತವಾಗಿ ಹುಟ್ಟಿ, ಆಮೇಲೆ ಪೊಲೀಸ್, ಕೋರ್ಟು, ಜೈಲುಗಳಿಗೂ ಚಾಚಿಕೊಂಡಿತು. ಪಾಠ ಹೇಳುವವರು ಬಹುಮಟ್ಟಿಗೆ ಅವರ ನ್ಯಾಯ ಇಲಾಖೆಯವರು: ಪೊಲೀಸರಿಗೆ ಕಲಿಸುವ ಘಟಕ 1986ರಲ್ಲಿ, ಪ್ರಾಸಿಕ್ಯೂಟರುಗಳಿಗೆ ಕಲಿಸುವ ಘಟಕ 1991ರಲ್ಲಿ ಬಂತು. ಇವಲ್ಲದೆ ಅಂತರರಾಷ್ಟ್ರೀಯ ಕಾನೂನು ಪಾಲನಾ ಅಕಾಡೆಮಿಗಳಿವೆ. ಮೊದಲನೆಯದು 1995ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ ಆರಂಭವಾಯಿತು. ಬ್ಯಾಂಕಾಕಿನದು ಥಾಯ್ ಸರ್ಕಾರದ ಜೊತೆಗೂಡಿ 1998ರಲ್ಲಿ ಸ್ಥಾಪನೆಯಾಯಿತು. ಹೈಡ್ರೋ ಗಾಂಜಾ ಹೊರಡುವ ನಗರದಲ್ಲೇ ಅದನ್ನು ತಡೆಯುವ ಪಾಠಶಾಲೆಯೂ ಇದೆ.

ವಿಯೆನ್ನಾದಲ್ಲಿರುವ ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ ಇನ್ನೊಂದು ದೊಡ್ಡ ಕೊಂಡಿ. ದಕ್ಷಿಣ ಏಷ್ಯಾಕ್ಕೆ ಅದರ ಕಚೇರಿ ದೆಹಲಿಯಲ್ಲಿದೆ. ಯಾವುದೇ ಒಂದು ದೇಶದ ಮುದ್ರೆ ಬೇಡ ಎನ್ನುವವರು ಹಣವನ್ನು ಇದರ ಕೈಗೆ ಕೊಟ್ಟು ಕೆಲಸ ಮಾಡಿಸುತ್ತಾರೆ.

ಇನ್ನೊಂದು ರೂಪ ಶಾಂತಿಪಾಲನೆ. ಇಲ್ಲಿ ಕೊಡಗಿನವರು ನೆನೆಯಬೇಕಾದ ಹೆಸರು ಜನರಲ್ ಕೆ.ಎಸ್. ತಿಮ್ಮಯ್ಯ. 1964ರಲ್ಲಿ ಸೈಪ್ರಸ್ ದ್ವೀಪದ ಗ್ರೀಕ್ ಮತ್ತು ಟರ್ಕಿ ಸಮುದಾಯಗಳ ನಡುವೆ ರಕ್ತಪಾತವಾದಾಗ ವಿಶ್ವಸಂಸ್ಥೆ ಅಲ್ಲಿಗೆ ಸೇನೆಯ ಜೊತೆ ಬೇರೆ ಬೇರೆ ದೇಶಗಳ ಪೊಲೀಸರನ್ನೂ ಕಳಿಸಿತು. ಅದೇ ವರ್ಷ ಆ ಪಡೆಯ ದಂಡನಾಯಕರಾಗಿ ಹೋದ ತಿಮ್ಮಯ್ಯನವರು 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ವಿಶ್ವಸಂಸ್ಥೆಯ ಪೊಲೀಸರು ಸ್ಥಳೀಯ ಪೊಲೀಸರ ಜೊತೆ ಗಸ್ತು ತಿರುಗುತ್ತಿದ್ದರು, ರಸ್ತೆ ತಪಾಸಣೆಯಲ್ಲಿ ಯಾರಿಗೂ ಅನ್ಯಾಯವಾಗದಂತೆ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಇನ್ನೊಬ್ಬರ ಪೊಲೀಸ್ ಕೆಲಸವನ್ನು ತಾನೇ ಮಾಡದೆ, ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಈ ಪದ್ಧತಿಗೆ ಅದು ಆರಂಭದ ದಿನಗಳ ಒಂದು ಒಳ್ಳೆಯ ಉದಾಹರಣೆ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪೊಲೀಸರು ಇವತ್ತಿಗೂ ಇದ್ದಾರೆ.

ಉಸ್ತುವಾರಿ ಅಧಿಕಾರಿಯ ಮೇಜಿನ ಮೇಲೆ

ಈ ಅಧಿಕಾರಿ ಸಾಮಾನ್ಯವಾಗಿ ರಾಯಭಾರ ಕಚೇರಿಯಲ್ಲಿ ಕೂರುತ್ತಾರೆ. ಪಾಠ ಹೇಳುವುದು ಅವರ ಕೆಲಸವಲ್ಲ. ಪಾಠ ಹೇಳುವವರು ಬೇರೆ, ಕಲಿಯುವವರು ಬೇರೆ ಸರ್ಕಾರದ ನೌಕರರು, ಹಣ ಮೂರನೆಯ ಕಡೆಯದು. ಈ ಮೂವರ ನಡುವೆ ನಿಂತು ಲೆಕ್ಕವೂ ಕಾನೂನೂ ಸ್ನೇಹವೂ ಕೆಡದಂತೆ ನಡೆಸುವುದು ಅವರ ಪಾಲಿನದು.

ಕೊಡಗಿನಲ್ಲಿ ಇದನ್ನು ಅರ್ಥ ಮಾಡಿಸುವುದು ಸುಲಭ. ಮಾಲೀಕರು ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದಾರೆ, ತೋಟ ನೋಡಿಕೊಳ್ಳುವುದು ರೈಟರ್. ಗೊಬ್ಬರ ಬಂತು ಎಂದು ಸಹಿ ಹಾಕಿದರೆ ರೈಟರ ಕೆಲಸ ಮುಗಿಯುವುದಿಲ್ಲ. ಎಷ್ಟು ಮೂಟೆ ಬಂತು, ಯಾವ ಬ್ಲಾಕಿಗೆ ಹೋಯಿತು, ಬುಡಕ್ಕೆ ಬಿತ್ತೋ ಗೋದಾಮಿನಲ್ಲೇ ಗಟ್ಟಿಯಾಯಿತೋ, ಚೆಕ್‌ರೋಲಿನಲ್ಲಿ ಇರುವ ಹೆಸರಿನವರು ನಿಜವಾಗಿ ಕೆಲಸಕ್ಕೆ ಬಂದಿದ್ದರೋ, ಎಲ್ಲವನ್ನೂ ನಡೆದು ನೋಡಬೇಕು. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ರಾಯಭಾರ ಕಚೇರಿಯ ಅಧಿಕಾರಿ ನೋಡಿಕೊಳ್ಳಬೇಕಾದ ತೋಟ ಬೇರೆಯವರದು. ಅಲ್ಲಿನ ಕಾನ್‌ಸ್ಟೇಬಲ್‌ಗೆ ಅವರು ಆಜ್ಞೆ ಮಾಡುವಂತಿಲ್ಲ. ಕೇಳಬಹುದು, ಒಪ್ಪಿಸಬಹುದು, ಕೊನೆಗೆ ಹಣ ನಿಲ್ಲಿಸಬಹುದು, ಅಷ್ಟೇ.

ಕೆಲಸ ಶುರುವಾಗುವುದು ಒಪ್ಪಂದ ಪತ್ರದಿಂದ. ಏನು ಕೊಡುತ್ತೇವೆ, ನೀವೇನು ಒದಗಿಸುತ್ತೀರಿ, ಕೊಟ್ಟ ವಸ್ತು ಯಾವುದಕ್ಕೆ ಮಾತ್ರ ಬಳಕೆಯಾಗಬೇಕು, ನಾವು ಬಂದು ನೋಡಲು ಅವಕಾಶವಿದೆಯೇ, ಎಲ್ಲ ಅದರಲ್ಲಿ ಇರಬೇಕು. ಇಲ್ಲಿ ಒಂದು ಸಾಲು ಬಿಟ್ಟುಹೋದರೆ ಮುಂದಿನ ಮೂರು ವರ್ಷ ಅದರ ಪೇಚಾಟ.

ಒಂದು ಮಾದಕ ವಸ್ತು ಪರೀಕ್ಷಾ ಲ್ಯಾಬನ್ನೇ ತೆಗೆದುಕೊಳ್ಳಿ. ಜಪ್ತಿಯಾದ ಪುಡಿಯಲ್ಲಿ ಏನಿದೆ ಎಂದು ಖಚಿತವಾಗಿ ಹೇಳಲು ಗ್ಯಾಸ್ ಕ್ರೊಮಾಟೋಗ್ರಫಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಬೇಕು. ಮಾದರಿಯನ್ನು ಬಿಸಿ ಮಾಡಿ ಆವಿಯಾಗಿಸಿ, ಅದರಲ್ಲಿರುವ ಒಂದೊಂದು ರಾಸಾಯನಿಕವನ್ನು ಬಿಡಿಬಿಡಿಯಾಗಿಸಿ, ಅದರ ಗುರುತು ಹಿಡಿಯುವ ಯಂತ್ರ ಅದು. ಬೆಲೆ ದುಬಾರಿ. ಕೊಟ್ಟ ದಿನ ರಿಬ್ಬನ್ ಕತ್ತರಿಸಿ ಫೋಟೋ ತೆಗೆಯುತ್ತಾರೆ. ಆದರೆ ಅದು ಓಡಲು ಶುದ್ಧ ಹೀಲಿಯಂ ಸಿಲಿಂಡರ್ ಬರುತ್ತಲೇ ಇರಬೇಕು. ಹೋಲಿಸಿ ನೋಡಲು ಪ್ರಮಾಣಿತ ಮಾದರಿಗಳು ಬೇಕು. ವರ್ಷಕ್ಕೊಮ್ಮೆಯಾದರೂ ತಂತ್ರಜ್ಞ ಬಂದು ಸರಿನೋಡಬೇಕು. ಕರೆಂಟು ಹೋಗಿ ಬರುತ್ತಿದ್ದರೆ ಒಳಗಿನ ಭಾಗಗಳು ಕೆಡುತ್ತವೆ. ಉಸ್ತುವಾರಿಗೆ ಬಂದ ಅಧಿಕಾರಿ ಯಂತ್ರ ಇದೆಯೇ ಎಂದು ಕೇಳಿ ಹೋದರೆ ಏನೂ ತಿಳಿಯುವುದಿಲ್ಲ. ಕಳೆದ ತಿಂಗಳು ಎಷ್ಟು ಮಾದರಿ ಹಾಕಿದಿರಿ, ಲಾಗ್ ಪುಸ್ತಕ ತೋರಿಸಿ, ಹೀಲಿಯಂ ಕೊನೆಯ ಬಾರಿ ಬಂದದ್ದು ಯಾವಾಗ, ಈ ವರದಿಗಳಲ್ಲಿ ಎಷ್ಟು ಕೋರ್ಟಿಗೆ ಹೋದವು ಎಂದು ಕೇಳಬೇಕು. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ.

ಲ್ಯಾಬಿಗೆ ಬರುವ ಮುಂಚಿನ ಕೆಲಸವೂ ಅಷ್ಟೇ ಮುಖ್ಯ. ನಮ್ಮ ಎನ್‌ಡಿಪಿಎಸ್ ಕಾಯ್ದೆಯ 52-ಎ ಕಲಂ ಪ್ರಕಾರ ಜಪ್ತಿಯಾದ ಮಾಲಿನ ಪಟ್ಟಿ ಮಾಡಿ, ಫೋಟೋ ತೆಗೆದು, ಮ್ಯಾಜಿಸ್ಟ್ರೇಟರ ಎದುರು ಮಾದರಿ ತೆಗೆಯಬೇಕು. ಮಹಜರು, ಪಂಚರ ಸಹಿ, ಅರಗಿನ ಮುದ್ರೆ, ಮುದ್ದೆಮಾಲು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ದಾಖಲೆ, ಇದರಲ್ಲಿ ಒಂದು ಕಡೆ ತಪ್ಪಿದರೂ ಆರೋಪಿಯ ವಕೀಲರಿಗೆ ಅದೇ ಸಾಕು. ಹೊರದೇಶದ ತನಿಖಾಧಿಕಾರಿಗೂ ಇದೇ ಪಾಠ. ತರಬೇತಿಯ ಬಹುಪಾಲು ಗುಂಡು ಹೊಡೆಯುವುದನ್ನು ಕಲಿಸುವುದಲ್ಲ, ಹೀಗೆ ಬರೆದಿಡುವುದನ್ನು ಕಲಿಸುವುದು.

ಸರ್ಟಿಫಿಕೇಟು ಎಣಿಸಿದರೆ ಸಾಲದು

'ಈ ವರ್ಷ ಇಷ್ಟು ಮಂದಿಗೆ ತರಬೇತಿ' ಎಂದು ವರದಿ ಬರೆಯುವುದು ಸುಲಭ. ಆದರೆ ಅದು ಮಾಡಿದ ಕೆಲಸದ ಲೆಕ್ಕ, ಆದ ಬದಲಾವಣೆಯ ಲೆಕ್ಕವಲ್ಲ. ತರಬೇತಿ ಪಡೆದ ಅಧಿಕಾರಿ ಒಂದು ವರ್ಷದ ನಂತರ ಅದೇ ಹುದ್ದೆಯಲ್ಲಿದ್ದಾರೆಯೇ? ವರ್ಗಾವಣೆ ಏನೆಂದು ನಮಗೆ ಹೇಳಿಕೊಡಬೇಕಿಲ್ಲ. ಸೈಬರ್ ಪಾಠ ಕಲಿತವರನ್ನು ಟ್ರಾಫಿಕ್ಕಿಗೆ ಹಾಕಿದರೆ ಆ ಹಣ ನೀರಿಗೆ ಹೋದಂತೆ. ಹಾಗಾಗಿ ಒಪ್ಪಂದದಲ್ಲೇ 'ಕನಿಷ್ಠ ಇಷ್ಟು ಕಾಲ ಅದೇ ಘಟಕದಲ್ಲಿ ಇರಿಸಬೇಕು' ಎಂದು ಬರೆಸಿಕೊಳ್ಳಲು ಪ್ರಯತ್ನಿಸುತ್ತಾರೆ.

ಇನ್ನೊಂದು ಸಮಸ್ಯೆ ಒಂದೇ ಕಡೆ ಭಾರ ಹಾಕುವುದು. ಪೊಲೀಸರಿಗೆ ಮಾತ್ರ ನೆರವು ಕೊಟ್ಟರೆ ಬಂಧನ ಹೆಚ್ಚುತ್ತದೆ. ಪ್ರಾಸಿಕ್ಯೂಟರುಗಳು ಅಷ್ಟೇ ಇದ್ದಾರೆ, ನ್ಯಾಯಾಧೀಶರು ಅಷ್ಟೇ ಇದ್ದಾರೆ. ಕೇಸು ಮುಂದೆ ಸಾಗದೆ ಜೈಲು ತುಂಬುತ್ತದೆ. ಇದನ್ನು ಊಹಿಸಲು ದೂರ ಹೋಗಬೇಕಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕದಂತೆ ಭಾರತದ ಜೈಲುಗಳಲ್ಲಿದ್ದ 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ನಾಲ್ವರಲ್ಲಿ ಮೂವರು. ಅಪರಾಧ ಸಾಬೀತಾಗದೆಯೇ ಒಳಗಿರುವವರು ಇವರು. ಒಳ್ಳೆಯ ಉಸ್ತುವಾರಿ ಎಂದರೆ ಠಾಣೆಯಿಂದ ಜೈಲಿನವರೆಗೆ ಇಡೀ ದಾರಿಯನ್ನು ಒಟ್ಟಿಗೆ ನೋಡುವುದು. ನನ್ನ ದೃಷ್ಟಿಯಲ್ಲಿ ಈ ಕೆಲಸದಲ್ಲಿ ಅತಿ ಕಷ್ಟದ ಭಾಗವೂ ಇದೇ, ಯಾಕೆಂದರೆ ಪೊಲೀಸರಿಗೆ ಜೀಪು ಕೊಟ್ಟರೆ ಸುದ್ದಿಯಾಗುತ್ತದೆ, ಕೋರ್ಟಿನ ಗುಮಾಸ್ತರಿಗೆ ಕಡತ ನಿರ್ವಹಣೆ ಕಲಿಸಿದರೆ ಯಾರೂ ಬರೆಯುವುದಿಲ್ಲ.

ಯಾರಿಗೆ ಕೊಡಬಾರದು?

ಈ ಪ್ರಶ್ನೆಗೆ ಉತ್ತರ ರಕ್ತದಲ್ಲಿ ಬರೆದದ್ದು. ಶೀತಲ ಸಮರದ ಕಾಲದಲ್ಲಿ ಅಮೆರಿಕ 1962ರಿಂದ ಸಾರ್ವಜನಿಕ ಸುರಕ್ಷಾ ಕಚೇರಿ ಎಂಬ ಘಟಕದ ಮೂಲಕ ಲ್ಯಾಟಿನ್ ಅಮೆರಿಕ, ಏಷ್ಯಾದ ಹಲವು ದೇಶಗಳ ಪೊಲೀಸರಿಗೆ ತರಬೇತಿ ಕೊಡುತ್ತಿತ್ತು. ಹಾಗೆ ತರಬೇತಿ ಪಡೆದ ಪಡೆಗಳು ತಮ್ಮದೇ ಜನರಿಗೆ ಚಿತ್ರಹಿಂಸೆ ಕೊಡುತ್ತಿವೆ ಎಂಬ ಆರೋಪಗಳು ಎದ್ದವು. 1970ರಲ್ಲಿ ಉರುಗ್ವೆಯಲ್ಲಿ ಆ ಕಚೇರಿಯ ಸಲಹೆಗಾರ ಡ್ಯಾನ್ ಮಿಟ್ರಿಯೋನ್ ಅವರನ್ನು ಟುಪಮಾರೊ ಬಂಡುಕೋರರು ಅಪಹರಿಸಿ ಕೊಂದಾಗ ವಿಷಯ ಇನ್ನಷ್ಟು ಬಯಲಿಗೆ ಬಂತು. ಕೊನೆಗೆ 1974ರಲ್ಲಿ ಅಮೆರಿಕದ ಸಂಸತ್ತು ವಿದೇಶಿ ನೆರವಿನ ಹಣದಲ್ಲಿ ಹೊರದೇಶದ ಪೊಲೀಸರಿಗೆ ತರಬೇತಿ ಕೊಡುವುದನ್ನೇ ನಿಷೇಧಿಸಿತು. ಮುಂದೆ ಒಂದೊಂದಾಗಿ ವಿನಾಯಿತಿಗಳು ಬಂದು ಈಗಿನ ವ್ಯವಸ್ಥೆ ರೂಪುಗೊಂಡಿತು.

1997ರಲ್ಲಿ ಸೆನೆಟರ್ ಪ್ಯಾಟ್ರಿಕ್ ಲೇಹಿ ಅವರ ಹೆಸರಿನ ಕಾನೂನು ಬಂತು. ಚಿತ್ರಹಿಂಸೆ, ವಿಚಾರಣೆಯಿಲ್ಲದ ಹತ್ಯೆ, ಬಲವಂತದ ನಾಪತ್ತೆ, ಅಧಿಕಾರದ ಬಲದಿಂದ ನಡೆಸಿದ ಅತ್ಯಾಚಾರ, ಇಂಥ ಘೋರ ಮಾನವ ಹಕ್ಕು ಉಲ್ಲಂಘನೆ ಮಾಡಿದೆ ಎಂದು ನಂಬಲರ್ಹ ಮಾಹಿತಿ ಇರುವ ಭದ್ರತಾ ಘಟಕಕ್ಕೆ ಅಮೆರಿಕದ ನೆರವು ಸಿಗಬಾರದು ಎಂಬುದು ಅದರ ತಿರುಳು. ಹಾಗಾಗಿ ಅಮೆರಿಕದ ಹಣದ ತರಬೇತಿಗೆ ಹೋಗುವ ಅಧಿಕಾರಿ ಯಾವ ದೇಶದವರೇ ಇರಲಿ, ಅವರ ಹೆಸರು, ಅವರ ಘಟಕ ಎರಡನ್ನೂ ಮೊದಲೇ ಪರಿಶೀಲಿಸುತ್ತಾರೆ. ಪಟ್ಟಿ ತಡವಾಗಿ ಬಂದರೆ, ಹೆಸರಿನ ಕಾಗುಣಿತ ಪಾಸ್‌ಪೋರ್ಟಿಗೆ ಹೊಂದದಿದ್ದರೆ ಸೀಟು ಹೋಯಿತೆಂದೇ ಲೆಕ್ಕ. ಉಸ್ತುವಾರಿ ಅಧಿಕಾರಿಯ ದಿನದ ದೊಡ್ಡ ಪಾಲು ಈ ಪರಿಶೀಲನೆಯಲ್ಲೇ ಕಳೆಯುತ್ತದೆ.

ಬ್ರಿಟನ್ ಕೂಡ 2011ರಲ್ಲಿ ತನ್ನದೇ ಮಾರ್ಗಸೂಚಿ ತಂದಿತು. ನೆರವು ಕೊಡುವ ಮೊದಲು ಅದರಿಂದ ಮಾನವ ಹಕ್ಕಿಗೆ ಧಕ್ಕೆಯಾಗುವ ಅಪಾಯ ಎಷ್ಟು ಎಂದು ಅಳೆಯಬೇಕು. ಅಪಾಯ ಹೆಚ್ಚಿದ್ದರೆ ನಿರ್ಧಾರ ಮಂತ್ರಿಗಳ ಮಟ್ಟಕ್ಕೆ ಹೋಗಬೇಕು. ನಾವು ಕೊಟ್ಟ ಸಾಕ್ಷ್ಯದಿಂದ ಅಲ್ಲಿ ಯಾರಿಗಾದರೂ ಗಲ್ಲು ಆಗಬಹುದೇ ಎಂಬುದು ಅದರಲ್ಲಿ ಮುಖ್ಯ ಪ್ರಶ್ನೆ. ಐಸಿಸ್ ಉಗ್ರನೊಬ್ಬನ ಪ್ರಕರಣದಲ್ಲಿ ಮರಣದಂಡನೆ ವಿಧಿಸುವುದಿಲ್ಲ ಎಂಬ ಭರವಸೆ ಪಡೆಯದೆಯೇ ಬ್ರಿಟನ್ ಅಮೆರಿಕಕ್ಕೆ ಸಾಕ್ಷ್ಯ ಕೊಟ್ಟಿತ್ತು. 2020ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದನ್ನು ಕಾನೂನುಬಾಹಿರ ಎಂದಿತು. ಮರಣದಂಡನೆ ಕಾನೂನಿನಲ್ಲಿ ಇರುವ ನಮ್ಮ ದೇಶಕ್ಕೂ ಇದು ಸಂಬಂಧಪಟ್ಟ ವಿಷಯ. ಯುರೋಪಿನಿಂದ ಆರೋಪಿಯನ್ನು ಕರೆತರುವಾಗ ಇದೇ ಭರವಸೆಯನ್ನು ಭಾರತದಿಂದಲೂ ಕೇಳುತ್ತಾರೆ.

ಭಾರತ ಈಗ ಕೊಡುವ ಕಡೆಯಲ್ಲೂ ಇದೆ

ನಾವು ಬರೀ ಪತ್ರ ಬರೆದು ಕಾಯುವವರಲ್ಲ. 1964ರಲ್ಲಿ ಶುರುವಾದ ಐಟೆಕ್ ಯೋಜನೆಯಡಿ ಸುಮಾರು 160 ದೇಶಗಳ ಅಧಿಕಾರಿಗಳು ಭಾರತಕ್ಕೆ ಬಂದು ಕಲಿಯಲು ಅವಕಾಶವಿದೆ, ಖರ್ಚು ನಮ್ಮದು. ಇಂಥ ನೆರವುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳಲು ವಿದೇಶಾಂಗ ಸಚಿವಾಲಯ 2012ರಲ್ಲಿ ಅಭಿವೃದ್ಧಿ ಪಾಲುದಾರಿಕೆ ಆಡಳಿತ ಎಂಬ ವಿಭಾಗ ತೆರೆಯಿತು. ಹೈದರಾಬಾದಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ ನಮ್ಮ ಐಪಿಎಸ್ ತಂಡಗಳ ಜೊತೆ ಭೂತಾನ್, ನೇಪಾಳ, ಮಾಲ್ಡೀವ್ಸ್ ಪೊಲೀಸರೂ ಕಲಿಯುತ್ತಾರೆ. ಮಾಲ್ಡೀವ್ಸ್‌ನ ಅಡ್ಡು ದ್ವೀಪದಲ್ಲಿ ಭಾರತದ ನೆರವಿನಿಂದ ಕಟ್ಟಿದ ಪೊಲೀಸ್ ತರಬೇತಿ ಕಾಲೇಜು 2022ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ 2023ರಲ್ಲಿ ಉಗಾಂಡದ ಜಿಂಜಾದಲ್ಲಿ ಕ್ಯಾಂಪಸ್ ತೆರೆಯಿತು. ಮಾರಿಷಸ್ ರಾಜಧಾನಿ ಪೋರ್ಟ್ ಲೂಯಿಯಲ್ಲಿ ಭಾರತದ ಅನುದಾನದಲ್ಲಿ ಎದ್ದ ಸುಪ್ರೀಂ ಕೋರ್ಟ್ ಕಟ್ಟಡ 2020ರ ಜುಲೈ 30ರಂದು ಉದ್ಘಾಟನೆಗೊಂಡಿತು.

2007ರಲ್ಲಿ ಲೈಬೀರಿಯಕ್ಕೆ ಹೋದ ಭಾರತದ ಮಹಿಳಾ ಪೊಲೀಸ್ ತುಕಡಿಯ ಕಥೆ ಇನ್ನೂ ಹೆಚ್ಚು ಜನಕ್ಕೆ ತಿಳಿಯಬೇಕು. ಪೂರ್ಣ ಮಹಿಳೆಯರೇ ಇದ್ದ ವಿಶ್ವಸಂಸ್ಥೆಯ ಮೊದಲ ಪೊಲೀಸ್ ತುಕಡಿ ಅದು, ಸಿಆರ್‌ಪಿಎಫ್‌ನವರದು. ಅಂತರ್ಯುದ್ಧದಲ್ಲಿ ನಲುಗಿದ್ದ ದೇಶದಲ್ಲಿ ಅವರು ರಾತ್ರಿ ಗಸ್ತು ತಿರುಗಿದರು, ಕಾವಲು ನಿಂತರು. ತುಕಡಿಗಳು ಬದಲಾಗುತ್ತಾ 2016ರವರೆಗೆ ಆ ಕೆಲಸ ನಡೆಯಿತು.

ವಿದೇಶಾಂಗ ಸೇವೆಗೆ ಸೇರಿದ ದೇಶದ ಮೊದಲ ಮಹಿಳೆ ನಮ್ಮ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ. ಹಂಗೇರಿ, ಘಾನಾ, ನೆದರ್‌ಲ್ಯಾಂಡ್ಸ್‌ಗಳಲ್ಲಿ ರಾಯಭಾರಿಯಾಗಿದ್ದವರು. ಮದುವೆಯಾಗಲು ಮಹಿಳಾ ಅಧಿಕಾರಿ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವನ್ನು 1979ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಒಯ್ದು ಪ್ರಶ್ನಿಸಿದರು. ಈ ಕ್ಷೇತ್ರಕ್ಕೆ ಬರಬೇಕೆನ್ನುವ ನಮ್ಮ ಮಕ್ಕಳಿಗೆ ದಾರಿ ಎರಡು: ಯುಪಿಎಸ್‌ಸಿ ಬರೆದು ವಿದೇಶಾಂಗ ಸೇವೆ, ಇಲ್ಲವೇ ಪೊಲೀಸ್, ಕಾನೂನು, ವಿಧಿವಿಜ್ಞಾನದಲ್ಲಿ ಪಳಗಿ ನಿಯೋಜನೆಯ ಮೇಲೆ ಹೋಗುವುದು. ಎರಡನೆಯ ದಾರಿಯವರಿಗೆ ಕೇಸಿನ ಒಳಹೊರಗು ಗೊತ್ತಿರುತ್ತದೆ, ಅದರ ಬೆಲೆ ದೊಡ್ಡದು.

ನಡುವೆ ನಿಂತುಹೋದರೆ

ರಾಜಕೀಯ ತಿರುಗಿದರೆ ನೆರವೂ ನಿಲ್ಲುತ್ತದೆ. ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಗೆ ಬರಬೇಕಿದ್ದ 50 ನ್ಯಾಯಾಂಗ ಅಧಿಕಾರಿಗಳ ತರಬೇತಿಯನ್ನು ಬಾಂಗ್ಲಾದೇಶ 2025ರ ಜನವರಿಯಲ್ಲಿ ರದ್ದು ಮಾಡಿತು. ಅದೇ ತಿಂಗಳ 20ರಂದು ಅಮೆರಿಕದ ಅಧ್ಯಕ್ಷರು ವಿದೇಶಿ ಅಭಿವೃದ್ಧಿ ನೆರವನ್ನು 90 ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ಅದರ ಬೆನ್ನಿಗೆ ಹಲವು ದೇಶಗಳಲ್ಲಿ ಕಾನೂನು ಪಾಲನೆಯ ಯೋಜನೆಗಳೂ ನಿಂತವು. ಇಂಥ ಹೊತ್ತಿನಲ್ಲಿ ಕಟ್ಟಡಕ್ಕಿಂತ ಹೆಚ್ಚಾಗಿ ಉಳಿಯುವುದು ಅಲ್ಲಿನವರು ತಮ್ಮ ಸ್ವಂತ ಬಜೆಟ್‌ನಲ್ಲಿ ಸೇರಿಸಿಕೊಂಡ ಖರ್ಚು. ಲ್ಯಾಬಿನ ಹೀಲಿಯಂ ಸಿಲಿಂಡರಿಗೆ ಆ ದೇಶದ ಸರ್ಕಾರವೇ ದುಡ್ಡು ಇಟ್ಟಿದ್ದರೆ ಯಂತ್ರ ಓಡುತ್ತಿರುತ್ತದೆ. ಹಾಗಾಗಿಯೇ ಜಾಣ ಉಸ್ತುವಾರಿಗಳು ಮೊದಲ ವರ್ಷದಿಂದಲೇ ಆತಿಥೇಯ ದೇಶದ ಪಾಲನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುತ್ತಾರೆ.

ನಮ್ಮ ಕೈಯಲ್ಲಿರುವುದು

ಇಷ್ಟೆಲ್ಲ ದೊಡ್ಡ ವ್ಯವಸ್ಥೆ ಕೊನೆಗೆ ನಿಲ್ಲುವುದು ಮೊದಲ ದೂರಿನ ಮೇಲೆ. ಆನ್‌ಲೈನ್ ವಂಚನೆಯಲ್ಲಿ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ದೇಶ ದಾಟುವ ಮೊದಲೇ ತಡೆಯಲು ಇರುವ ಅವಕಾಶ ಅದು. ವಿದೇಶದಲ್ಲಿ ಡೇಟಾ ಎಂಟ್ರಿ, ಕಾಲ್ ಸೆಂಟರ್ ಕೆಲಸ ಎಂದು ಯಾರಾದರೂ ಹುಡುಗರನ್ನು ಕರೆದರೆ, ಆ ಏಜೆಂಟ್ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಂದಾಯಿತನೇ ಎಂದು ನೋಡಿ. ಪ್ರವಾಸಿ ವೀಸಾದಲ್ಲಿ ಕರೆದೊಯ್ದು 'ಅಲ್ಲಿ ಹೋದ ಮೇಲೆ ಬದಲಿಸೋಣ' ಎಂದರೆ ಅಲ್ಲಿಗೇ ಬಿಡಿ. ಮನೆಯವರು ಈಗಾಗಲೇ ಸಿಕ್ಕಿಬಿದ್ದಿದ್ದರೆ ಸ್ಥಳೀಯ ಠಾಣೆಯಲ್ಲಿ ದೂರು ಕೊಟ್ಟು, ಅದೇ ಸಚಿವಾಲಯದ ಮದದ್ ಪೋರ್ಟಲ್ ಮೂಲಕ ರಾಯಭಾರ ಕಚೇರಿಗೂ ತಿಳಿಸಿ.

ಮತ್ತೆ ವಂಚಕರ ಕರೆ, ಚಾಟ್ ಬಂದ ಫೋನನ್ನು ಫಾರ್ಮ್ಯಾಟ್ ಮಾಡಬೇಡಿ, ನಾಚಿಕೆಯೋ ಭಯವೋ ಆಗಿ ಚಾಟ್ ಅಳಿಸಬೇಡಿ. ವಹಿವಾಟಿನ ಸಂಖ್ಯೆ, ಕರೆ ಬಂದ ನಂಬರು, ದಿನ, ಹೊತ್ತು, ಏಜೆಂಟ್ ಕಳಿಸಿದ ಟಿಕೆಟ್, ಎಲ್ಲವೂ ಇದ್ದಂತೆಯೇ ಇರಲಿ. ಕೋರ್ಟಿನ ಪತ್ರದಲ್ಲಿ 'ಈ ಖಾತೆಯ, ಈ ದಿನಾಂಕದ ವಿವರ ಕೊಡಿ' ಎಂದು ಖಚಿತವಾಗಿ ಬರೆಯಲು ತನಿಖಾಧಿಕಾರಿಗೆ ಬೇಕಾಗುವುದು ಇವೇ.